ಬಾಣಂತಿಯ ನಡಿಗೆ

ಹೆರಿಗೆಯಾಗಿ ಮೂರು ತಿಂಗಳು ಕಳೆದಿರುತ್ತದೆ. ಮಗು ಚೆನ್ನಾಗಿ ಬೆಳೆಯುತ್ತಿರುತ್ತದೆ. ತವರಿನ ಬಾಣಂತನ ಮುಗಿದು ತಾಯಿ ಮಗು ಇಬ್ಬರೂ ಮನೆಗೆ ಬಂದಿರುತ್ತಾರೆ. ನೋಡುವವರ ಕಣ್ಣಿಗೆ ಯಾವ ಕೊರತೆಯೂ ಕಾಣದು. ಆದರೆ ಆ ತಾಯಿ ಮಹಡಿ ಹತ್ತುವಾಗ ಮೆಟ್ಟಿಲು ಮೆಟ್ಟಿಲಿಗೂ ನಿಲ್ಲುತ್ತಾಳೆ. ಹಾಸಿಗೆಯಲ್ಲಿ ಮಗ್ಗುಲು ಬದಲಾಯಿಸುವಾಗ ಹಲ್ಲು ಕಚ್ಚುತ್ತಾಳೆ. ಲಂಗ ಉಡುವಾಗ ಒಂದು ಕಾಲನ್ನೆತ್ತಬೇಕಾದರೆ ಗೋಡೆಯ ಆಸರೆ ಬೇಕು. ದೇವಸ್ಥಾನದವರೆಗೆ ಹೋಗಿಬಂದರೆ ಆ ರಾತ್ರಿಯೆಲ್ಲ ಸೊಂಟದ ಹಿಂಭಾಗದಲ್ಲಿ ಕೊರೆಯುವ ನೋವು. ‘ಹೆತ್ತವರಿಗೆಲ್ಲ ಸೊಂಟ ನೋಯುತ್ತದೆ, ಅದೇನು ಹೊಸದೆ?’ ಎಂದು ಅತ್ತೆ ಕೇಳುತ್ತಾರೆ. ಎಕ್ಸ್‌ರೇ ತೆಗೆಸಿದರೆ ಮೂಳೆಯಲ್ಲಿ ಏನೂ ಕಾಣುವುದಿಲ್ಲ. ಅಲ್ಲಿಗೆ ಮನೆಯವರ ಅನುಮಾನ ಗಟ್ಟಿಯಾಗುತ್ತದೆ: ಇದು ಕೆಲಸ ತಪ್ಪಿಸಿಕೊಳ್ಳುವ ಉಪಾಯವೇ ಇರಬೇಕು! ಕೆಲವು ದಿನಗಳಲ್ಲಿ ಆ ಅನುಮಾನ ತಾಯಿಯ ಮನಸ್ಸಿನಲ್ಲಿಯೂ ಮನೆಮಾಡುತ್ತದೆ.

ಇದು ಸೋಮಾರಿತನವಲ್ಲ, ಕಲ್ಪನೆಯೂ ಅಲ್ಲ. ಈ ನೋವಿಗೆ ವೈದ್ಯಶಾಸ್ತ್ರದಲ್ಲಿ ಹೆಸರುಂಟು, ಗುರುತಿಸುವ ಪರೀಕ್ಷೆಯುಂಟು, ಚಿಕಿತ್ಸೆಯೂ ಉಂಟು. ಇದನ್ನು ಶ್ರೋಣಿವಲಯದ ನೋವು ಎಂದು ಕರೆಯಬಹುದು. ಬೆನ್ನೆಲುಬಿನ ಕೆಳಗೆ, ಎರಡು ತೊಡೆಗಳ ಮೇಲೆ, ಬಳೆಯಂತೆ ಸುತ್ತಿಕೊಂಡಿರುವ ಮೂಳೆಗಳ ಕಟ್ಟಿಗೆ ಶ್ರೋಣಿ ಎಂದು ಹೆಸರು. ಯೂರೋಪಿನ ತಜ್ಞರ ಮಂಡಲಿಯೊಂದು ೨೦೦೮ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಈ ನೋವಿನ ಲಕ್ಷಣವನ್ನು ಸ್ಪಷ್ಟವಾಗಿ ಹೇಳಿದೆ. ಸೊಂಟದ ಮೂಳೆಯ ಹಿಂದಿನ ಅಂಚಿನಿಂದ ಪೃಷ್ಠದ ಕೆಳಗಿನ ಮಡಿಕೆಯವರೆಗೆ, ಅದರಲ್ಲಿಯೂ ಬೆನ್ನಿನ ಬುಡದ ಎರಡು ಪಕ್ಕದ ಕೀಲುಗಳ ಹತ್ತಿರ, ನೋವು ಇರುತ್ತದೆ. ಅದು ತೊಡೆಯ ಹಿಂಭಾಗಕ್ಕೆ ಇಳಿಯಬಹುದು. ಮುಂದೆ ಕಿಬ್ಬೊಟ್ಟೆಯ ಕೆಳಗಿನ ಮೂಳೆಯ ಸಂದಿನಲ್ಲಿಯೂ ಕಾಣಿಸಿಕೊಳ್ಳಬಹುದು. ನಿಲ್ಲುವ, ನಡೆಯುವ, ಕುಳಿತಿರುವ ತಾಳ್ಮೆ ಕುಗ್ಗುತ್ತದೆ. ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು ೨೦ ಮಂದಿಗೆ ಈ ನೋವು ಇರುವುದೆಂದು ಆ ಮಂಡಲಿಯ ಎಣಿಕೆ. ಬಹುಮಂದಿಗೆ ಹೆರಿಗೆಯಾದ ಕೆಲವು ತಿಂಗಳೊಳಗೆ ಇದು ತಾನಾಗಿಯೇ ಇಳಿದುಹೋಗುತ್ತದೆ. ಉಳಿಯುವವರು ಕೆಲವರೇ, ಆದರೆ ಆ ಕೆಲವರನ್ನು ಇದು ವರ್ಷಗಟ್ಟಲೆ ಕಾಡುವುದುಂಟು.

ಕಟ್ಟಡದ ಬಗೆ

ಈ ನೋವನ್ನು ಅರಿಯಬೇಕಾದರೆ ಮೊದಲು ಶ್ರೋಣಿಯ ರಚನೆಯನ್ನು ತಿಳಿಯಬೇಕು. ಎಡಬಲದ ಎರಡು ಸೊಂಟದ ಮೂಳೆಗಳು ಮುಂದುಗಡೆ ಕಿಬ್ಬೊಟ್ಟೆಯ ಕೆಳಗೆ ಮೃದ್ವಸ್ಥಿಯ ಬೆಸುಗೆಯಿಂದ ಕೂಡಿಕೊಂಡಿವೆ. ಹಿಂದುಗಡೆ ಅವೆರಡರ ನಡುವೆ ತ್ರಿಕೋನಾಕಾರದ ತ್ರಿಕಾಸ್ಥಿ ಬೆಣೆಯಂತೆ ಕುಳಿತಿದೆ. ಬೆನ್ನೆಲುಬಿನ ಭಾರವೆಲ್ಲ ಈ ತ್ರಿಕಾಸ್ಥಿಯ ಮೇಲೆ ಇಳಿದು, ಅದರ ಎರಡು ಪಕ್ಕದ ಕೀಲುಗಳ ಮೂಲಕ ಹಂಚಿಕೊಂಡು, ಕಾಲುಗಳಿಗೆ ಹೋಗುತ್ತದೆ. ಈ ಕೀಲುಗಳು ಮೊಣಕಾಲಿನ ಅಥವಾ ಭುಜದ ಕೀಲಿನಂತೆ ಧಾರಾಳವಾಗಿ ಆಡುವಂಥವಲ್ಲ. ಸ್ವೀಡನ್ ದೇಶದ ಸ್ಟುರೆಸನ್ ಮತ್ತು ಅವರ ಸಂಗಡಿಗರು ಮೂಳೆಯೊಳಗೆ ಅತಿ ಸಣ್ಣ ಲೋಹದ ಗುಂಡುಗಳನ್ನಿಟ್ಟು, ಎರಡು ದಿಕ್ಕಿನಿಂದ ಎಕ್ಸ್‌ರೇ ಹಿಡಿದು ಇದನ್ನು ಅಳೆದರು. ೧೯೮೯ರಲ್ಲಿ ಪ್ರಕಟವಾದ ಆ ಅಳತೆಯಂತೆ ಈ ಕೀಲು ಸರಾಸರಿ ಎರಡೂವರೆ ಡಿಗ್ರಿಯಷ್ಟು ತಿರುಗುತ್ತದೆ. ಸರಿಯುವುದು ಒಂದು ಮಿಲಿಮೀಟರಿಗೂ ಕಡಿಮೆ. ಇಷ್ಟು ಕಿರಿದಾದ ಚಲನೆ ಸಾಧಾರಣ ಎಕ್ಸ್‌ರೇಯಲ್ಲಿ ತೋರುವುದೆಂದು ನಿರೀಕ್ಷಿಸುವುದೇ ತಪ್ಪು. ಆದುದರಿಂದ ಚಿತ್ರದಲ್ಲಿ ಏನೂ ಕಾಣಲಿಲ್ಲವೆಂದರೆ ನೋವಿಲ್ಲವೆಂದು ಅರ್ಥವಲ್ಲ.

ಬಸಿರಿನಲ್ಲಿ ಈ ಕಟ್ಟು ಸಡಿಲವಾಗುವುದೆಂಬ ತಿಳಿವಳಿಕೆ ಹಳೆಯದು. ಗ್ರೀಸಿನ ಹಿಪ್ಪೊಕ್ರೆಟಿಸನ ಕಾಲದಿಂದಲೂ ಆ ಮಾತು ನಡೆದುಬಂದಿದೆ. ಅಮೆರಿಕದ ಸ್ನೆಲಿಂಗ್ ಎಂಬ ವೈದ್ಯರು ೧೮೭೦ರಲ್ಲಿಯೇ ಗರ್ಭಿಣಿಯರ ಮತ್ತು ಬಾಣಂತಿಯರ ಶ್ರೋಣಿಯ ಕೀಲುಗಳ ಸಡಿಲತೆಯನ್ನು ವಿವರಿಸಿ ಬರೆದರು. ೧೯೨೬ರಲ್ಲಿ ಫ್ರೆಡರಿಕ್ ಹಿಸಾ ಎಂಬ ವಿಜ್ಞಾನಿ, ಬಸಿರಾದ ಪ್ರಾಣಿಗಳ ರಕ್ತದಿಂದ ತೆಗೆದ ದ್ರವವನ್ನು ಬಸಿರಿಲ್ಲದ ಗಿನಿಪಿಗ್‌ಗಳಿಗೆ ಚುಚ್ಚಿ, ಅವುಗಳ ಶ್ರೋಣಿಯ ಕಟ್ಟುನಾರುಗಳು ಸಡಿಲವಾಗುವುದನ್ನು ತೋರಿಸಿದರು. ಮುಂದೆ ರಿಲ್ಯಾಕ್ಸಿನ್ ಎಂದು ಹೆಸರು ಪಡೆದ ಹಾರ್ಮೋನಿನ ಕಥೆ ಹೀಗೆ ಆರಂಭವಾಯಿತು. ಮಗು ಹೊರಬರಲು ದಾರಿ ಬಿಡುವುದಕ್ಕೆ ಪ್ರಕೃತಿ ಮಾಡಿದ ಏರ್ಪಾಡು ಇದು ಎನ್ನಬಹುದು.

ಆದರೆ ಸಡಿಲತೆಯೊಂದೇ ನೋವಿಗೆ ಕಾರಣವೆನ್ನುವಂತಿಲ್ಲ. ಹಾಗಿದ್ದಲ್ಲಿ ಹೆತ್ತ ಹೆಂಗಸರೆಲ್ಲರೂ ನರಳಬೇಕಾಗಿತ್ತು. ಹಾರ್ಮೋನಿನ ಪ್ರಮಾಣಕ್ಕೂ ನೋವಿನ ತೀವ್ರತೆಗೂ ನೇರವಾದ ಸಂಬಂಧ ಖಚಿತವಾಗಿ ಸಿಕ್ಕಿಲ್ಲ. ಹಾಲೆಂಡಿನ ರಾಟರ್‌ಡ್ಯಾಮಿನಲ್ಲಿ ಡಾಮೆನ್ ಮತ್ತು ಸಂಗಡಿಗರು ಗರ್ಭಿಣಿಯರ ಕೀಲುಗಳನ್ನು ಪರೀಕ್ಷಿಸಿ ೨೦೦೧ರಲ್ಲಿ ಬೇರೊಂದು ಸಂಗತಿಯನ್ನು ಹೊರಗೆಡಹಿದರು. ಎರಡು ಪಕ್ಕದ ಕೀಲುಗಳೂ ಸಮನಾಗಿ ಸಡಿಲವಾಗಿದ್ದವರಿಗಿಂತ, ಒಂದು ಪಕ್ಕ ಬಿಗಿಯಾಗಿಯೂ ಇನ್ನೊಂದು ಪಕ್ಕ ಸಡಿಲವಾಗಿಯೂ ಇದ್ದವರಲ್ಲಿಯೇ ನೋವು ಹೆಚ್ಚಾಗಿ ಕಂಡಿತು. ಎಷ್ಟು ಸಡಿಲ ಎಂಬುದಕ್ಕಿಂತ ಎಡಬಲಗಳ ಹೊಂದಿಕೆ ಎಷ್ಟು ಎಂಬುದೇ ಮುಖ್ಯವೆಂದಾಯಿತು.

ಗಾಲಿ ಮತ್ತು ಕಬ್ಬಿಣದ ಪಟ್ಟಿ

ಅದೇ ರಾಟರ್‌ಡ್ಯಾಮಿನ ಸ್ನೈಡರ್ಸ್, ಫ್ಲೇಮಿಂಗ್ ಮೊದಲಾದವರು ೧೯೯೦ರ ದಶಕದಲ್ಲಿ ಒಂದು ವಿಚಾರವನ್ನು ಮುಂದಿಟ್ಟರು. ತ್ರಿಕಾಸ್ಥಿ ಜಾರದೆ ನಿಂತಿರುವುದಕ್ಕೆ ಎರಡು ಬಗೆಯ ಭದ್ರತೆಗಳು ಕಾರಣ. ಮೂಳೆಗಳ ಆಕಾರವೇ ಒಂದಕ್ಕೊಂದು ಕಚ್ಚಿಕೊಳ್ಳುವಂತಿರುವುದು ಮೊದಲನೆಯದು. ಸುತ್ತಲಿನ ಸ್ನಾಯುಗಳೂ ಕಟ್ಟುನಾರುಗಳೂ ಅವುಗಳನ್ನು ಒತ್ತಿ ಹಿಡಿಯುವುದು ಎರಡನೆಯದು. ಎತ್ತಿನ ಬಂಡಿಯ ಗಾಲಿಯನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಮರದ ತುಂಡುಗಳನ್ನು ಬಡಗಿ ಎಷ್ಟೇ ಒಪ್ಪವಾಗಿ ಜೋಡಿಸಿದ್ದರೂ, ಸುತ್ತ ಕಬ್ಬಿಣದ ಪಟ್ಟಿ ಬಿಗಿದ ಮೇಲಲ್ಲವೆ ಗಾಲಿ ಭಾರ ಹೊರುವುದು? ಪಟ್ಟಿ ಸಡಿಲವಾದರೆ ಹೆಜ್ಜೆಹೆಜ್ಜೆಗೂ ಕಿರುಗುಟ್ಟುತ್ತದೆ. ಆದರೆ ಶ್ರೋಣಿಯ ಪಟ್ಟಿ ಕಬ್ಬಿಣದಂತೆ ನಿರ್ಜೀವವಲ್ಲ. ಅದು ಬೇಕಾದಾಗ ಬಿಗಿದು, ಬೇಡವಾದಾಗ ಸಡಿಲಬೇಕು. ಹೊಟ್ಟೆಯ ಒಳಪದರದಲ್ಲಿ ಅಡ್ಡವಾಗಿ ಸುತ್ತಿರುವ ಸ್ನಾಯು, ಬೆನ್ನೆಲುಬಿನ ಮಗ್ಗುಲಿನ ಸಣ್ಣ ಸ್ನಾಯುಗಳು, ಪೃಷ್ಠದ ದೊಡ್ಡ ಸ್ನಾಯು, ಶ್ರೋಣಿಯ ತಳದಲ್ಲಿ ತೊಟ್ಟಿಲಿನಂತೆ ಹರಡಿರುವ ಸ್ನಾಯುಗಳು, ಮೇಲೆ ಉಸಿರಾಟದ ವಪೆ – ಇವೆಲ್ಲವೂ ಕೂಡಿ ಈ ಕೆಲಸವನ್ನು ಮಾಡುತ್ತವೆ. ಬಸಿರಿನ ಒಂಬತ್ತು ತಿಂಗಳಲ್ಲಿ ಹಿಗ್ಗಿ, ಹೆರಿಗೆಯಲ್ಲಿ ದಣಿಯುವುವು ಇವುಗಳಲ್ಲಿಯೇ ಅನೇಕ.

ಒಂದು ಹೆಜ್ಜೆಯ ಒಳಗೆ

ನಡಿಗೆ ಎಂಬುದು ಮೇಲುನೋಟಕ್ಕೆ ಅತಿ ಸುಲಭವಾದ ಕೆಲಸ. ನಿಜವಾಗಿ ಅದು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಇಡೀ ದೇಹದ ಭಾರವನ್ನು ದಾಟಿಸುವ ಕಸರತ್ತು. ಒಂದು ಪಾದ ನೆಲ ಮುಟ್ಟಿದಂದಿನಿಂದ ಅದೇ ಪಾದ ಮತ್ತೆ ನೆಲ ಮುಟ್ಟುವವರೆಗಿನ ಕಾಲವನ್ನು ನೂರು ಭಾಗ ಮಾಡಿದರೆ, ಸುಮಾರು ೬೦ ಭಾಗ ಆ ಪಾದ ನೆಲದ ಮೇಲಿರುತ್ತದೆ, ೪೦ ಭಾಗ ಗಾಳಿಯಲ್ಲಿರುತ್ತದೆ. ಒಂದು ಕಾಲು ಗಾಳಿಯಲ್ಲಿರುವಷ್ಟು ಹೊತ್ತೂ ದೇಹ ಇನ್ನೊಂದೇ ಕಾಲಿನ ಮೇಲೆ ನಿಂತಿರುತ್ತದೆ. ಆ ಕ್ಷಣದಲ್ಲಿ ಸೊಂಟ ಆಸರೆಯಿಲ್ಲದ ಪಕ್ಕಕ್ಕೆ ವಾಲದಂತೆ ನಿಂತ ಕಾಲಿನ ಪಕ್ಕದ ಸ್ನಾಯು ಬಿಗಿದು ಹಿಡಿಯಬೇಕು. ಹೀಗೆ ಹಿಡಿಯುವುದರಿಂದ ಆ ಕಡೆಯ ತೊಡೆಕೀಲಿನ ಮೇಲೆ ದೇಹದ ತೂಕದ ಎರಡು ಪಟ್ಟಿಗೂ ಮೀರಿದ ಒತ್ತಡ ಬೀಳುತ್ತದೆ. ಆ ಸ್ನಾಯು ಸೋತರೆ ನಡಿಗೆ ಬಾತುಕೋಳಿಯದರಂತೆ ಎಡಬಲಕ್ಕೆ ತೊನೆಯುವುದೆಂದು ಜರ್ಮನಿಯ ಶಸ್ತ್ರವೈದ್ಯ ಟ್ರೆಂಡೆಲೆನ್‌ಬರ್ಗ್ ೧೮೯೫ರಲ್ಲಿ ತೋರಿಸಿದರು. ಒಂದು ಕಾಲಿನ ಮೇಲೆ ನಿಲ್ಲಿಸಿ ಸೊಂಟ ಯಾವ ಕಡೆ ಇಳಿಯುತ್ತದೆಂದು ನೋಡುವ ಪರೀಕ್ಷೆ ಇಂದಿಗೂ ಅವರ ಹೆಸರಿನಲ್ಲಿಯೇ ನಡೆದಿದೆ.

ಸ್ನಾಯುಗಳಿಗೆ ಬಲವಿದ್ದರೆ ಸಾಲದು. ಅವು ಸಮಯಕ್ಕೆ ಸರಿಯಾಗಿ ಎಚ್ಚರಗೊಳ್ಳಬೇಕು. ಸ್ನಾಯು ಕೆಲಸ ಮಾಡುವಾಗ ಅದರಲ್ಲಿ ಹುಟ್ಟುವ ಸೂಕ್ಷ್ಮವಾದ ವಿದ್ಯುತ್ತನ್ನು ಯಂತ್ರದಲ್ಲಿ ಗುರುತಿಸಬಹುದು. ಆಸ್ಟ್ರೇಲಿಯದ ಹಾಜಸ್ ಮತ್ತು ರಿಚರ್ಡ್‌ಸನ್ ಎಂಬವರು ೧೯೯೬ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದರಿಂದ ಒಂದು ಸ್ವಾರಸ್ಯವಾದ ವಿಷಯ ಹೊರಬಿತ್ತು. ಆರೋಗ್ಯವಂತರು ಥಟ್ಟನೆ ಕೈಯೆತ್ತುವಾಗ, ಕೈಯ ಸ್ನಾಯು ಚಲಿಸುವುದಕ್ಕೆ ಮೊದಲೇ ಹೊಟ್ಟೆಯ ಒಳಪದರದ ಅಡ್ಡಸ್ನಾಯು ಬಿಗಿದುಕೊಂಡಿರುತ್ತದೆ. ಸೊಂಟನೋವಿನಿಂದ ಬಳಲಿದವರಲ್ಲಿ ಅದು ತಡವಾಗಿ ಬಿಗಿಯುತ್ತದೆ. ಭಾರ ಬೀಳುವ ಮೊದಲೇ ಕಟ್ಟಬೇಕಾದ ಪಟ್ಟಿಯನ್ನು ಭಾರ ಬಿದ್ದ ಮೇಲೆ ಕಟ್ಟಿದಂತಾಯಿತು!

ಕಾಲೆತ್ತುವ ಪರೀಕ್ಷೆ

ಹಾಲೆಂಡಿನ ವೈದ್ಯರಾದ ಮೆನ್ಸ್ ಮತ್ತು ಅವರ ಸಂಗಡಿಗರು ೧೯೯೯ರಿಂದ ೨೦೦೧ರವರೆಗೆ ಪ್ರಕಟಿಸಿದ ಬರಹಗಳಲ್ಲಿ ಬಾಣಂತಿಯರಿಗಾಗಿ ಒಂದು ಸರಳವಾದ ಪರೀಕ್ಷೆಯನ್ನು ವಿವರಿಸಿದರು. ಅದಕ್ಕೆ ಯಂತ್ರವೂ ಬೇಡ, ಹಣವೂ ಬೇಡ. ಅಂಗಾತ ಮಲಗಿ, ಎರಡು ಕಾಲುಗಳನ್ನೂ ನೀಡಿಕೊಂಡು, ಮೊಣಕಾಲನ್ನು ಮಡಿಸದೆ ಒಂದು ಕಾಲನ್ನು ೨೦ ಸೆಂಟಿಮೀಟರಿನಷ್ಟು ಮೇಲೆತ್ತಬೇಕು. ಸ್ವಲ್ಪವೂ ಕಷ್ಟವಾಗದಿದ್ದರೆ ಸೊನ್ನೆ, ಎತ್ತಲಾಗದಿದ್ದರೆ ಐದು. ಎರಡೂ ಕಾಲುಗಳ ಅಂಕಗಳನ್ನು ಕೂಡಿದರೆ ಹತ್ತರವರೆಗೆ ಆಗುತ್ತದೆ. ಈ ನೋವಿರುವವರು ಕಾಲು ಸೀಸದಂತೆ ಭಾರವಾಗಿದೆ ಎನ್ನುತ್ತಾರೆ. ಆದರೆ ಸೊಂಟಕ್ಕೆ ಪಟ್ಟಿಯೊಂದನ್ನು ಬಿಗಿದರೆ, ಅಥವಾ ಪರೀಕ್ಷಿಸುವವರು ಎರಡು ಪಕ್ಕದ ಸೊಂಟದ ಮೂಳೆಗಳನ್ನು ಕೈಯಿಂದ ಒತ್ತಿ ಹಿಡಿದರೆ, ಅದೇ ಕಾಲು ಬಹುಮಂದಿಗೆ ಹಗುರವಾಗಿ ಏಳುತ್ತದೆ. ಕಾಲಿನಲ್ಲಿ ಶಕ್ತಿಯಿಲ್ಲವೆಂದಲ್ಲ, ಶಕ್ತಿ ಹಾಯುವ ಸೇತುವೆ ಗಟ್ಟಿಯಾಗಿಲ್ಲ.

ಮುಂದಿನ ಪರಿಶೋಧನೆಗಳು ಇದನ್ನು ಇನ್ನಷ್ಟು ಬಿಡಿಸಿ ತೋರಿಸಿವೆ. ೨೦೦೮ರಲ್ಲಿ ಹಾಲೆಂಡಿನಲ್ಲಿ ನೋವುಳ್ಳ ಗರ್ಭಿಣಿಯರನ್ನೂ ನೋವಿಲ್ಲದ ಗರ್ಭಿಣಿಯರನ್ನೂ ಹೋಲಿಸಿ ನೋಡಿದಾಗ, ನೋವುಳ್ಳವರ ಸ್ನಾಯುಗಳು ಹೆಚ್ಚು ದುಡಿದರೂ ಕಾಲೆತ್ತುವ ಬಲ ಕಡಿಮೆಯಾಗಿಯೇ ಇತ್ತು. ಆಸ್ಟ್ರೇಲಿಯದ ಓಸಲಿವನ್ ಮತ್ತು ಸಂಗಡಿಗರು ೨೦೦೨ರಲ್ಲಿ, ತ್ರಿಕಾಸ್ಥಿಯ ಕೀಲುನೋವಿನವರು ಕಾಲೆತ್ತುವಾಗ ವಪೆಯ ಚಲನೆ ಕುಗ್ಗುವುದನ್ನೂ ಶ್ರೋಣಿಯ ತಳ ಕೆಳಕ್ಕೆ ತಳ್ಳಲ್ಪಡುವುದನ್ನೂ ಕಂಡರು. ಎಂದರೆ ಆ ರೋಗಿಗಳು ತಮಗೆ ತಿಳಿಯದೆಯೇ ಉಸಿರು ಬಿಗಿಹಿಡಿದು, ಹೊಟ್ಟೆಯನ್ನು ಗಟ್ಟಿಮಾಡಿ, ಸಡಿಲವಾದ ಕಟ್ಟನ್ನು ಹೇಗೋ ಹಿಡಿದಿಡಲು ಹೆಣಗುತ್ತಿದ್ದರು. ನಡಿಗೆಯಲ್ಲಿಯೂ ಬದಲಾವಣೆ ಕಂಡಿದೆ. ಆರೋಗ್ಯವಂತರು ಬಿರುಸಾಗಿ ನಡೆಯುವಾಗ ಸೊಂಟ ಒಂದು ಕಡೆ ತಿರುಗಿದರೆ ಎದೆ ಇನ್ನೊಂದು ಕಡೆ ತಿರುಗುತ್ತದೆ. ಕೈ ಬೀಸುವುದು ಅದಕ್ಕೆ ತಾಳ. ಆಮ್‌ಸ್ಟರ್‌ಡ್ಯಾಮಿನ ಪರಿಶೋಧಕರು ೨೦೦೨ರಲ್ಲಿ ಪ್ರಕಟಿಸಿದಂತೆ, ಈ ನೋವಿನ ಹೆಂಗಸರು ನಿಧಾನವಾಗಿ ನಡೆಯುತ್ತಾರೆ. ಸೊಂಟಕ್ಕೂ ಎದೆಗೂ ಇರಬೇಕಾದ ಈ ತಾಳಮೇಳ ಅವರಲ್ಲಿ ಬೇರೆಯಾಗಿರುತ್ತದೆ.

ಮನೆಯವರು ಗಮನಿಸಬೇಕಾದ ಮಾತು ಇಲ್ಲಿದೆ. ಸೋಮಾರಿಯ ಸ್ನಾಯುಗಳು ಸುಮ್ಮನಿರುತ್ತವೆ. ಈ ತಾಯಿಯ ಸ್ನಾಯುಗಳು ಬೇರೆಯವರಿಗಿಂತ ಹೆಚ್ಚು ದುಡಿಯುತ್ತಿರುತ್ತವೆ. ಅಡಿಗೆಮನೆಯಿಂದ ಹಿತ್ತಿಲಿಗೆ ಹೋಗಿಬರುವಷ್ಟರಲ್ಲಿ ಆಕೆ ದಣಿದುಹೋದರೆ ಅದರಲ್ಲಿ ಆಶ್ಚರ್ಯವಿಲ್ಲ.

ಚಿಕಿತ್ಸೆಯಲ್ಲಿ ಕಲಿತ ಪಾಠ

ಸ್ನಾಯುಗಳ ತೊಂದರೆಯಾದರೆ ವ್ಯಾಯಾಮದಿಂದ ಗುಣವಾಗಬೇಕಷ್ಟೆ? ಆಗುತ್ತದೆ, ಆದರೆ ಯಾವ ವ್ಯಾಯಾಮವಾದರೂ ಸರಿಯೆಂದಲ್ಲ. ಎರಡು ಪ್ರಯೋಗಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಹಾಲೆಂಡಿನಲ್ಲಿ ೪೪ ಮಂದಿ ಹೆಂಗಸರಿಗೆ ವಿಡಿಯೊ ಸುರುಳಿಗಳನ್ನು ಕೊಟ್ಟು, ಅದರಂತೆ ಮನೆಯಲ್ಲಿ ನಡೆದುಕೊಳ್ಳಲು ಹೇಳಲಾಯಿತು. ಒಂದು ಗುಂಪಿನವರು ಹೊಟ್ಟೆಯ ಮತ್ತು ಬೆನ್ನಿನ ಓರೆಸ್ನಾಯುಗಳ ವ್ಯಾಯಾಮ ಮಾಡಿದರು, ಮತ್ತೊಂದು ಗುಂಪಿನವರು ಉದ್ದಸ್ನಾಯುಗಳ ವ್ಯಾಯಾಮ ಮಾಡಿದರು, ಮೂರನೆಯವರು ಯಾವುದನ್ನೂ ಮಾಡಲಿಲ್ಲ. ೨೦೦೦ದಲ್ಲಿ ಪ್ರಕಟವಾದ ಫಲಿತಾಂಶದಂತೆ ಮೂರು ಗುಂಪುಗಳಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ನಾರ್ವೆ ದೇಶದಲ್ಲಿ ಬ್ರಿಟ್ ಸ್ಟುಗೆ ಮತ್ತು ಸಂಗಡಿಗರು ಹೆರಿಗೆಯ ನಂತರ ನೋವುಳಿದ ೮೧ ಮಂದಿಯನ್ನು ಎರಡು ಗುಂಪು ಮಾಡಿದರು. ಎರಡು ಗುಂಪಿಗೂ ೨೦ ವಾರಗಳ ಕಾಲ ಫಿಸಿಯೋಥೆರಪಿ ದೊರೆಯಿತು. ಒಂದು ಗುಂಪಿಗೆ ಮಾತ್ರ ಶ್ರೋಣಿಯನ್ನು ಸ್ಥಿರಗೊಳಿಸುವ ವ್ಯಾಯಾಮವನ್ನು ಒಬ್ಬೊಬ್ಬರ ಶಕ್ತಿಗೆ ತಕ್ಕಂತೆ ಕಲಿಸಲಾಯಿತು. ಮೊದಲು ಒಳಸ್ನಾಯುಗಳನ್ನು ಮೆಲ್ಲನೆ ಬಿಗಿಯುವುದು, ಅದು ಕೈಗೂಡಿದ ಮೇಲೆ ಪೃಷ್ಠದ, ತೊಡೆಯ, ಬೆನ್ನಿನ ದೊಡ್ಡ ಸ್ನಾಯುಗಳನ್ನು ಸೇರಿಸುವುದು, ಕಡೆಗೆ ದಿನದ ಕೆಲಸಗಳಲ್ಲಿಯೇ ಅದನ್ನು ರೂಢಿಸಿಕೊಳ್ಳುವುದು ಅದರ ಕ್ರಮ. ೨೦೦೪ರಲ್ಲಿ ಪ್ರಕಟವಾದ ಫಲಿತಾಂಶದಂತೆ ಈ ಗುಂಪಿನವರಲ್ಲಿ ನೋವು ಹೆಚ್ಚಾಗಿ ಇಳಿದಿತ್ತು, ಓಡಾಟ ಸುಧಾರಿಸಿತ್ತು. ಹೆರಿಗೆಯಾಗಿ ಎರಡು ವರ್ಷಗಳ ನಂತರವೂ ಆ ಗುಣ ಉಳಿದಿತ್ತು.

ಅದಾದ ಮೇಲೆ ನಡೆದ ಪ್ರಯೋಗಗಳೆಲ್ಲವೂ ಇಷ್ಟೇ ಒಳ್ಳೆಯ ಫಲವನ್ನು ಕೊಟ್ಟಿಲ್ಲವೆಂಬುದನ್ನೂ ಹೇಳಬೇಕು. ಆದರೂ ಒಂದು ಪಾಠ ಸ್ಪಷ್ಟವಾಗಿದೆ. ಚಿತ್ರ ನೋಡಿ ಮಾಡಿದ ವ್ಯಾಯಾಮಕ್ಕೂ, ರೋಗಿಯನ್ನು ಮುಟ್ಟಿ ನೋಡಿ, ತಪ್ಪಿದಲ್ಲಿ ತಿದ್ದಿ ಕಲಿಸಿದ ವ್ಯಾಯಾಮಕ್ಕೂ ಬಹಳ ಅಂತರ. ಹೊಟ್ಟೆ ಕರಗಲೆಂದು ಮಲಗಿ ಏಳುವ ಬಸ್ಕಿಗಳನ್ನು ಈ ನೋವಿರುವಾಗ ಹಟದಿಂದ ಮಾಡುವುದು ಒಳ್ಳೆಯದಲ್ಲ. ಬಾಣಂತಿಯರ ಆರೈಕೆಯಲ್ಲಿ ಅನುಭವವಿರುವ ಫಿಸಿಯೋಥೆರಪಿ ತಜ್ಞರಲ್ಲಿ ಕೆಲವು ಸಲವಾದರೂ ಹೋಗಿ ಕಲಿತುಬರುವುದು ಲೇಸು.

ಮನೆಯಲ್ಲಿ ನಡೆಸಬಹುದಾದುದು

ಬಾಣಂತಿಯ ಹೊಟ್ಟೆಗೆ ಹಳೆಯ ಸೀರೆಯನ್ನೋ ಪಂಚೆಯನ್ನೋ ಸುತ್ತಿ ಬಿಗಿಯುವ ಪದ್ಧತಿ ಕನ್ನಡನಾಡಿನ ಮನೆಗಳಲ್ಲಿ ಉಂಟು. ಸೊಂಟಕ್ಕೆ ಆಸರೆ ಬೇಕೆಂಬ ಹಿರಿಯರ ಭಾವನೆಯಲ್ಲಿ ಹುರುಳಿದೆ. ಆದರೆ ಪಟ್ಟಿ ಇರಬೇಕಾದ ಸ್ಥಳ ಬೇರೆ. ಈ ನೋವಿಗೆ ವೈದ್ಯರು ಹೇಳುವ ಪಟ್ಟಿ ಹೊಟ್ಟೆಯ ಮೇಲಲ್ಲ; ಸೊಂಟದ ಮುಂದಿನ ಎರಡು ಮೂಳೆಯ ತುದಿಗಳ ಸ್ವಲ್ಪ ಕೆಳಗೆ, ಮೂಳೆಯನ್ನು ಸುತ್ತುವಂತೆ ಇರಬೇಕು. ಅದನ್ನು ಅತಿಯಾಗಿ ಬಿಗಿಯಬೇಕಾಗಿಯೂ ಇಲ್ಲ. ಹೊಟ್ಟೆಯನ್ನೇ ಉಸಿರುಕಟ್ಟುವಂತೆ ಬಿಗಿದರೆ ಒತ್ತಡವೆಲ್ಲ ಕೆಳಕ್ಕಿಳಿದು, ಮೊದಲೇ ದಣಿದಿರುವ ಶ್ರೋಣಿಯ ತಳಕ್ಕೆ ಹೊರೆಯಾಗುತ್ತದೆ. ಪಟ್ಟಿ ಸ್ವಲ್ಪ ಕಾಲದ ಊರುಗೋಲೇ ಹೊರತು ಚಿಕಿತ್ಸೆಯಲ್ಲ.

ಮಗುವನ್ನು ಯಾವಾಗಲೂ ಒಂದೇ ಪಕ್ಕದ ಸೊಂಟದ ಮೇಲೆ ಕೂರಿಸಿಕೊಂಡು ಕೆಲಸ ಮಾಡುವ ಅಭ್ಯಾಸ ಎಡಬಲಗಳ ಹೊಂದಿಕೆಯನ್ನು ಕೆಡಿಸುವಂಥದು. ಎದೆಗೆ ಅವಚಿ ಎತ್ತಿಕೊಳ್ಳುವುದು ಮೇಲು. ಹಾಸಿಗೆಯಲ್ಲಿ ಹೊರಳುವಾಗ ಎರಡು ಮೊಣಕಾಲುಗಳನ್ನೂ ಮಡಿಸಿ, ಒಂದಕ್ಕೊಂದು ಸೇರಿಸಿ, ಭುಜವನ್ನೂ ಸೊಂಟವನ್ನೂ ಒಟ್ಟಿಗೆ ತಿರುಗಿಸಬೇಕು. ಏಳುವಾಗ ಮಗ್ಗುಲಾಗಿ, ಕೈಯೂರಿ ಏಳಬೇಕು. ಲಂಗವನ್ನಾಗಲಿ ಚಪ್ಪಲಿಯನ್ನಾಗಲಿ ಕುಳಿತು ಹಾಕಿಕೊಳ್ಳಬೇಕು. ಮೆಟ್ಟಿಲು ಹತ್ತುವಾಗ ನೋವು ಕಡಿಮೆಯಿರುವ ಕಾಲನ್ನು ಮೊದಲು ಇಟ್ಟು, ಇನ್ನೊಂದನ್ನು ಅದೇ ಮೆಟ್ಟಿಲಿಗೆ ಸೇರಿಸಿಕೊಳ್ಳಬೇಕು. ಕುಕ್ಕರುಗಾಲಿನಲ್ಲಿ ಕುಳಿತು ನೆಲ ಒರೆಸುವುದು, ತುಂಬಿದ ಕೊಡ ಎತ್ತುವುದು, ನೆನೆದ ಬಟ್ಟೆಯ ಬಕೆಟ್ಟನ್ನು ಒಂದೇ ಕೈಯಲ್ಲಿ ಹೊರುವುದು – ಇವು ಕೆಲವು ತಿಂಗಳು ಬೇರೆಯವರ ಪಾಲಿಗಿರಲಿ.

ಹಾಗೆಂದು ದಿನವೆಲ್ಲ ಮಲಗಿರುವುದೂ ಸಲ್ಲದು. ಮಲಗಿದಷ್ಟೂ ಸ್ನಾಯುಗಳು ಸೊರಗುತ್ತವೆ. ಬಾಣಂತಿಯ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಹೆಚ್ಚುತ್ತದೆ. ನಡಿಗೆಯನ್ನು ಬಿಡಬಾರದು, ಹಂಚಿಕೊಳ್ಳಬೇಕು. ಒಂದೇ ಸಲ ಅರ್ಧ ಗಂಟೆ ನಡೆದು ರಾತ್ರಿಯೆಲ್ಲ ನರಳುವುದಕ್ಕಿಂತ, ಹತ್ತು ಹತ್ತು ನಿಮಿಷದಂತೆ ಮೂರು ಸಲ, ಸಣ್ಣ ಹೆಜ್ಜೆಗಳಲ್ಲಿ, ಉಸಿರು ಬಿಗಿಹಿಡಿಯದೆ ನಡೆಯುವುದು ಮೇಲು. ಮರುದಿನ ನೋವು ಹೆಚ್ಚದಿದ್ದರೆ ಸ್ವಲ್ಪ ಸ್ವಲ್ಪವಾಗಿ ಬೆಳೆಸಬಹುದು.

ಬಾಣಂತಿಯ ಸೊಂಟನೋವೆಲ್ಲ ಇದೇ ಎಂದು ಭಾವಿಸುವುದೂ ಅಪಾಯಕರ. ಜ್ವರ, ರಾತ್ರಿ ಬೆವರುವುದು, ತೂಕ ಇಳಿಯುವುದು, ಮಲಗಿದರೂ ಬಿಡದ ನೋವು – ಇವು ಸೋಂಕಿನ ಸೂಚನೆಯಾಗಿರಬಹುದು. ಕ್ಷಯವು ಈ ಕೀಲನ್ನು ಹಿಡಿಯುವುದುಂಟು. ಒಂದೇ ಕಾಲು ಊದಿಕೊಂಡು ಮೀನಖಂಡ ನೋಯುವುದು ರಕ್ತ ಹೆಪ್ಪುಗಟ್ಟಿರುವುದರ ಗುರುತಾಗಿರಬಹುದು. ತೊಡೆಗಳ ನಡುವೆ ಸ್ಪರ್ಶಜ್ಞಾನ ಕಳೆಯುವುದು, ಮಲಮೂತ್ರಗಳ ಹಿಡಿತ ಥಟ್ಟನೆ ತಪ್ಪುವುದು, ಕಾಲಿನ ಬಲ ಕುಂದುವುದು ನರಕ್ಕೆ ಒತ್ತು ಬಿದ್ದುದರ ಲಕ್ಷಣ. ಹೆರಿಗೆಯ ಸಮಯದಲ್ಲಿಯೇ ಮುಂದಿನ ಮೂಳೆಯ ಸಂದಿನಲ್ಲಿ ಏನೋ ಬಿರಿದಂತಾಗಿ ಕಾಲೂರಲು ಆಗದಿದ್ದರೆ ಅದೂ ಬೇರೆ ವಿಷಯ. ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಈ ನೋವು ಇನ್ನೊಂದು ಬಸಿರಿನಲ್ಲಿ ಮರುಕಳಿಸುವ ಸಂಭವವಿರುವುದರಿಂದ, ಮೊದಲನೆಯ ಸಲವೇ ಗುರುತಿಸಿ ಸರಿಪಡಿಸಿಕೊಳ್ಳುವುದರಲ್ಲಿ ಲಾಭವಿದೆ. ಮೂರು ತಿಂಗಳಾದರೂ ಇಳಿಯದಿದ್ದರೆ ‘ಇನ್ನೊಂದು ವರ್ಷ ನೋಡೋಣ’ ಎಂದು ಕಾಯಬಾರದು. ಮಗುವಿನ ಚುಚ್ಚುಮದ್ದಿನ ದಿನಕ್ಕೆಂದು ಹೇಗೂ ಆಸ್ಪತ್ರೆಗೆ ಹೋಗುವುದುಂಟಷ್ಟೆ. ಆ ದಿನ ತಾಯಿಯ ನೋವಿನ ಮಾತನ್ನೂ ವೈದ್ಯರಿಗೆ ತಿಳಿಸಬಹುದು. ಜೊತೆಗೆ ಹೋದ ಅತ್ತೆಯೋ ಗಂಡನೋ ತಾವಾಗಿಯೇ ಆ ಮಾತನ್ನೆತ್ತಿದರೆ, ಇಷ್ಟು ದಿನ ನುಂಗಿಕೊಂಡಿದ್ದುದನ್ನು ಹೇಳಲು ಆಕೆಗೂ ಧೈರ್ಯ ಬರುತ್ತದೆ.